ನಾರ್ವೆ ತಿರುವಿನಲ್ಲಿ ನಿಂತ ಜೀಪು

ಕೊಪ್ಪದಲ್ಲಿ ಶೃಂಗೇರಿ ಬಸ್ಸು ಹಿಡಿಯಬೇಕಿತ್ತು. ಕೊಪ್ಪದ ಕಡೆಯ ತೋಟಕ್ಕೆ ಹೊರಟ ಜೀಪೊಂದು ಸಿಕ್ಕಿದ್ದೇ ಪುಣ್ಯವೆಂದು ಹತ್ತಿ ಕೂತೆ.

ನಾರ್ವೆಯ ತಿರುವಿನಲ್ಲಿ ಹಸಲರ ಬುಡಕಟ್ಟಿನ ಹೆಂಗಸರು ಅದೇ ತೋಟದ ಕೆಲಸಕ್ಕೆ ಹೋಗಲು ಕಾದಿದ್ದರು. ಮೊದಲು ಕಾಲಿಟ್ಟ ಗಿರಿಜಕ್ಕ, ನನ್ನ ಕಾಲಬುಡದಲ್ಲಿದ್ದ ಕಳೆ ಔಷಧಿಯ ಕ್ಯಾನು ಕಂಡು ಹಾಗೇ ಕೆಳಗಿಳಿದರು. ಉಳಿದವರೂ ಹತ್ತಲಿಲ್ಲ.

“ಕಳೆ ಕತ್ತೀಲೇ ಸವರೋದು ಅಂತ ನಮ್ಮ ಸಂಘದಲ್ಲಿ ಮಾತಾಗಿದೆ. ಇದನ್ನ ಹೊಡೆದ್ಮೇಲೆ ಗುಡ್ಡದಲ್ಲಿ ಒಂದೆಲಗ ಇಲ್ಲ, ಹಳ್ಳದಲ್ಲಿ ಏಡಿ ಇಲ್ಲ. ಇದು ಬಂದ್ರೆ ನಾವು ಬರಲ್ಲ,” ಎಂದರು ಗಿರಿಜಕ್ಕ.

“ಇವತ್ತಿನ ಕೂಲಿ ಹೋಗ್ತದೆ ನೋಡಿ,” ಎಂದು ಡ್ರೈವರ್ ಹಾರನ್ ಒತ್ತಿದ. ಯಾರೂ ಕದಲಲಿಲ್ಲ. ನಾನು ಗಡಿಯಾರ ನೋಡಿದೆ, ರಸ್ತೆ ನೋಡಿದೆ, ಮತ್ತೆ ಗಡಿಯಾರ ನೋಡಿದೆ. ಅವನಿಗೆ ಅಷ್ಟೇ ಸಾಕಾಯಿತು.

“ಪಾಪ, ಇವ್ರಿಗೆ ಬಸ್ ತಪ್ತದೆ ಗಿರಿಜಕ್ಕ!”

ಎಲ್ಲರೂ ನನ್ನತ್ತ ತಿರುಗಿದರು. ನಾನು ಕ್ಯಾನನ್ನೇ ನೋಡುತ್ತ ಕೂತೆ.

ಕೊನೆಗೆ ಅವನು ತೋಟದ ಯಜಮಾನರಿಗೆ ಫೋನ್ ಮಾಡಿ, ಅವರು ಹೇಳಿದ್ದಕ್ಕೆಲ್ಲ ಹ್ಞೂಂಗುಟ್ಟಿದ. ಗೊಣಗುತ್ತಲೇ ಕ್ಯಾನನ್ನು ಎತ್ತಿಕೊಂಡು ಹೋಗಿ ಗುರುತಿನ ಅಂಗಡಿಯಲ್ಲಿಟ್ಟು ಬಂದ. ಹೆಂಗಸರೆಲ್ಲ ಕತ್ತಿ ಹಿಡಿದು ಹತ್ತಿದರು. ಕ್ಯಾನಿದ್ದ ಜಾಗದಲ್ಲಿ ಕಾಲು ಚಾಚಿ ಕೂತ ಗಿರಿಜಕ್ಕ, ಡ್ರೈವರನ ಬೆನ್ನು ತಟ್ಟಿದರು.

“ಇನ್ನೆಂತ ನೋಡ್ತೀಯ ಮಾರಾಯ? ಬೇಗ ಬಿಡು. ಪಾಪ, ಇವ್ರಿಗೆ ಬಸ್ ತಪ್ತದಂತೆ.”