ಧೂಳಿನ ಬಸ್ಸು

ಹಾನಗಲ್ಲಿನ ನಮ್ಮ ಓಣಿಯಲ್ಲಿ ಒಬ್ಬ ಪೇಂಟರ್ ಇದ್ದರು. ಅಂಗಡಿಗಳ ಬೋರ್ಡು ಬರೆಯುವುದು ಅವರ ಕಸುಬು. ಬಿಡುವಿದ್ದಾಗ ಕಟ್ಟಿಗೆಯಲ್ಲಿ ಪುಟ್ಟ ಚಕ್ಕಡಿ ಗಾಡಿ, ಬಸ್ಸು ಮಾಡಿ ಬಣ್ಣ ಹಚ್ಚುತ್ತಿದ್ದರು. ಯಾರಾದರೂ ಮುಟ್ಟಲು ಹೋದರೆ "ತಡೀರಿ, ಆರ್ಲಿ" ಎನ್ನುತ್ತ, ಒಂದು ಕಣ್ಣು ಮುಚ್ಚಿ ಅದನ್ನು ಬೆಳಕಿಗೆ ಹಿಡಿದು ನೋಡುವರು.

ಅರವತ್ತರ ದಶಕದ ಮೊದಲಲ್ಲಿ, ತಿಳವಳ್ಳಿ ಬಸ್ಸು ಓಡಿಸುತ್ತಿದ್ದ ಅವರ ತಮ್ಮ ಜ್ವರ ಬಂದು ತೀರಿಕೊಂಡ. ಅವರ ಅವ್ವ ಊಟ ಬಿಟ್ಟಳು. ಪೇಂಟರ್ ತಮ್ಮನ ಬಸ್ಸನ್ನೇ ಗೇಣುದ್ದ ಮಾಡಿ, ಕೆಂಪು ಬಣ್ಣ ಬಳಿದು, ಮೇಲೆ ವಾರ್ನಿಶ್ ಹಚ್ಚಿ ಅವಳ ಮುಂದಿಟ್ಟರು. ಅದು ಮಿರಮಿರ ಮಿಂಚುತ್ತಿತ್ತು.

"ಇದು ಅವನ ಬಸ್ಸ ಅಲ್ಲೋ. ಅವಂದು ಧೂಳ ತುಂಬ್ಕೊಂಡು ಬರ್ತಿತ್ತು" ಎಂದು ಅವ್ವ ಮುಖ ತಿರುಗಿಸಿದಳು.

ಪೇಂಟರ್ ಹಲಗೆಯ ತುಂಡುಗಳ ಮೇಲೆ ಏನೇನೋ ಹಚ್ಚಿ ನೋಡಿದರು. ಕೊನೆಗೆ ಟರ್ಪೆಂಟೈನಿನಲ್ಲಿ ಜೇನುಮೇಣ ಕರಗಿಸಿ, ತಿಗಣೆ ಔಷಧ ಹೊಡೆಯುವ ಪಂಪಿನಿಂದ ತೆಳ್ಳಗೆ ಸಿಂಪಡಿಸಿದರು. ಹೊಳಪು ಅಡಗಿ, ಧೂಳು ಕೂತಂತೆ ಮಂಕಾಯಿತು. ಅವ್ವ ಬಸ್ಸನ್ನು ತೊಡೆಯ ಮೇಲಿಟ್ಟುಕೊಂಡು, "ಎಷ್ಟ ಧೂಳ ಆಗೇತಿ ನೋಡು" ಎಂದು ಸೆರಗಿನಿಂದ ಒರೆಸಿದಳು.

ಉಜ್ಜಿದರೆ ಮೇಣ ಹೊಳೆಯುತ್ತದೆ. ಕೆಲವೇ ದಿನಗಳಲ್ಲಿ ಬಸ್ಸು ಮತ್ತೆ ಮಿಂಚತೊಡಗಿತು. ಪೇಂಟರ್ ಮತ್ತೆ ಪಂಪು ಹೊಡೆದರು, ಅವಳು ಮತ್ತೆ ಒರೆಸಿದಳು.

"ಒರಸಬ್ಯಾಡ ಅಂತ ಹೇಳಬಾರದೇನ್ರಿ?" ಎಂದು ನಾನು ಕೇಳಿದೆ.

"ಹೆಂಗ ಹೇಳ್ಲಿ? ಅದನ್ನ ಒರಸಿದ ಮ್ಯಾಲ ಎರಡ ತುತ್ತು ಉಣ್ತಾಳ್ರಿ" ಎಂದರು.

ಅವ್ವ ಹೋದ ಮೇಲೆ ಪೇಂಟರ್ ಆ ಬಸ್ಸಿಗೆ ಪಂಪು ಹೊಡೆಯಲಿಲ್ಲ. ಅವಳು ಕೊನೆಯ ಸಲ ಒರೆಸಿದ ಹೊಳಪನ್ನು ಹಾಗೆಯೇ ಉಳಿಸಿಕೊಂಡರು.