ಕವುಚಿ ಕೂತ ಡಾಲರು

ಸೈಮಿ ರಂತಲ ಸತ್ತ ಸುದ್ದಿಯನ್ನು ನಮ್ಮ ಬ್ಯೂಟ್ ಊರಿನ ಪತ್ರಿಕೆ ಒಳಪುಟದ ಮೂಲೆಯಲ್ಲಿ ಹಾಕಿತು. ಬಹುಕಾಲ ಮಿಲೋ ವುಕಾಸಿನ್ ಅವರ ಬಾರಿನಲ್ಲಿ ಕೆಲಸಕ್ಕಿದ್ದರು ಎಂದು ಬರೆದಿದ್ದರು. ಅದಕ್ಕೂ ಮೊದಲು ಆಕೆ ಏನು ಮಾಡುತ್ತಿದ್ದಳು, ಅದು ಯಾಕೆ ತಪ್ಪಿಹೋಯಿತು ಎಂಬುದನ್ನು ಬರೆಯಲಿಲ್ಲ. ಊರಿಗೆಲ್ಲ ಗೊತ್ತಿರುವುದನ್ನು ಬರೆದು ಶಾಯಿ ಯಾಕೆ ಹಾಳು ಮಾಡಬೇಕು? ಸರಿ, ಆ ಶಾಯಿಯನ್ನು ನಾನೇ ಹಾಳು ಮಾಡುತ್ತೇನೆ.

ಸೈಮಿ ಮುದುಕರನ್ನು ನೋಡಿಕೊಳ್ಳುತ್ತಿದ್ದಳು. ತಾಮ್ರದ ಗಣಿಯ ಧೂಳು ಕುಡಿದು ಶ್ವಾಸಕೋಶ ಕಲ್ಲಾಗಿಸಿಕೊಂಡು ಮನೆಗೆ ಬಂದ ಗಂಡಸರನ್ನು. ಅವರ ಕಫ ಒರೆಸುವುದು, ಮಗ್ಗುಲು ಬದಲಿಸುವುದು, ಗಡ್ಡ ಕೆರೆಯುವುದು, ಹೆಂಡತಿ ಮಕ್ಕಳಿಗೆ ಹೇಸಿಗೆಯಾಗುವ ಮಿಕ್ಕೆಲ್ಲ ಕೆಲಸ. ಅವಳ ಅಪ್ಪನೂ ಹಾಗೇ ಕೆಮ್ಮಿ ಕೆಮ್ಮಿ ಸತ್ತವನು. ಆತ ಬಿಟ್ಟುಹೋದದ್ದು ಒಂದು ಬೆಳ್ಳಿ ಡಾಲರು. ಗಣಿಯ ಸಂಬಳ ಬೆಳ್ಳಿಯಲ್ಲೇ ಬರುತ್ತಿದ್ದ ಕಾಲದ್ದು. ಆಗ ಇಲ್ಲಿ ಯಾರಾದರೂ ಕಾಗದದ ನೋಟು ಚಾಚಿದರೆ ಅವನನ್ನು ಪರದೇಶಿಯನ್ನು ನೋಡಿದಂತೆ ನೋಡುತ್ತಿದ್ದರು.

ಆ ಡಾಲರಿನ ಮುಂಬದಿಯ ಹೆಣ್ಣುಮುಖದ ಮೇಲೆ, ಕಿವಿಯಿಂದ ಕತ್ತಿನವರೆಗೆ, ಕೂದಲಿನಷ್ಟು ಸಣ್ಣ ಗೆರೆಯೊಂದು ಉಬ್ಬಿ ನಿಂತಿತ್ತು. ನಾಣ್ಯ ಹೊಡೆಯುವ ಉಕ್ಕಿನ ಅಚ್ಚು ಒಮ್ಮೊಮ್ಮೆ ಬಿರಿಯುತ್ತದೆ. ಆ ಬಿರುಕಿನೊಳಕ್ಕೆ ಬೆಳ್ಳಿ ನುಗ್ಗಿ ಇಂಥ ಗೆರೆ ಏಳುತ್ತದೆ. ಗೀರಾದರೆ ತಗ್ಗು, ಅಚ್ಚಿನ ಬಿರುಕಾದರೆ ಉಬ್ಬು, ಉಗುರಿಗೆ ಗೊತ್ತಾಗುತ್ತದೆ. ಚಿಕ್ಕಂದಿನಲ್ಲಿ ಸೈಮಿ ಅದನ್ನು ಉಗುರಿನಿಂದ ಮುಟ್ಟುತ್ತಾ ನಿದ್ದೆ ಹೋಗುತ್ತಿದ್ದಳಂತೆ. ಹಿಂಬದಿಯ ಹದ್ದಿನ ಕಾಲಬುಡದಲ್ಲಿ ಟಂಕಸಾಲೆಯ ಗುರುತಾದ ‘ಓ’ ಅಕ್ಷರ ಕುಡುಕನಂತೆ ಬಲಕ್ಕೆ ವಾಲಿತ್ತು, ಪಕ್ಕದಲ್ಲೊಂದು ಚುಕ್ಕೆ. ಇಂಥವನ್ನು ಹುಡುಕಿ ಮುಗಿಬೀಳುವ ಜನ ಪ್ರಪಂಚದಲ್ಲಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ.

ಗೊತ್ತಿದ್ದವನು ಡೆಸ್ಮಂಡ್ ಹಾರ್ಕಿನ್. ಹಳೇ ನಾಣ್ಯದ ಅಂಗಡಿಯವನು. ಭೂತಗನ್ನಡಿ ಕಣ್ಣಿಗಿಟ್ಟು ಅಚ್ಚುಗಳ ಜಾತಕ ಹೇಳುವುದರಲ್ಲಿ ಸುತ್ತಲಿನ ಊರುಗಳಲ್ಲಿ ಅವನೇ ದೊಡ್ಡವನು.

ಸೈಮಿ ಆಗ ನೋಡಿಕೊಳ್ಳುತ್ತಿದ್ದುದು ಸಿರಿಲ್ ಟ್ರೆಗಿಯರ್ ಎಂಬ ಮುದುಕನನ್ನು. ಗಣಿಯಲ್ಲಿ ಮೇಸ್ತ್ರಿಯಾಗಿದ್ದವನು. ಅವನ ಬಳಿಯೂ ಕತ್ತಿನವರೆಗೆ ಗೆರೆಯಿದ್ದ ಡಾಲರೊಂದಿತ್ತು. ಹಾರ್ಕಿನ್ ಅದನ್ನು ಹಿಂದೊಮ್ಮೆ ನೋಡಿ, ಜಗತ್ತಿನಲ್ಲಿ ಇಂಥವು ಎರಡೇ, ಇನ್ನೊಂದು ಒಹಾಯೋದ ಶ್ರೀಮಂತನೊಬ್ಬನ ಬಳಿ ಇದೆ ಎಂದು ಸಾರಿದ್ದ. ಸಿರಿಲ್ ಸತ್ತ. ಮಗಳು ಎನಿಡ್ ತಂಬಾಕಿನ ಡಬ್ಬಿ ತೆರೆದರೆ ಡಾಲರಿಲ್ಲ. ಅಷ್ಟೊತ್ತಿಗೆ ಆ ಮನೆಗೆ ಯಾರು ಯಾರು ಬಂದು ಹೋಗಿದ್ದರೋ. ಎನಿಡ್ ಎಲ್ಲರ ಕಡೆಗೂ ಒಮ್ಮೆ ಕಣ್ಣು ಹಾಯಿಸಿ ಸುಮ್ಮನಾದಳು.

ಮರುವರ್ಷದ ವಸಂತದಲ್ಲಿ ಸೈಮಿ ಹಾರ್ಕಿನ್ ಅಂಗಡಿಗೆ ತಾನಾಗಿಯೇ ಹೋದಳು. ತಂಗಿಯ ಮಗಳು ಕರೀನ್‌ಳ ಮದುವೆ ಗೊತ್ತಾಗಿತ್ತು.

"ಹಾರ್ಕಿನ್ ಅವ್ರೇ, ಇದಕ್ಕೊಂದು ತೂತು ಹಾಕಿಕೊಡ್ತೀರಾ? ಸರಕ್ಕೆ ಪೋಣಿಸಿ ಹುಡುಗಿಗೆ ಕೊಡೋಣಾಂತ."

"ಅಯ್ಯೋ ಪುಣ್ಯಾತ್ಗಿತ್ತಿ, ತೂತು ಅನ್ನೋ ಮಾತು ನನ್ನ ಅಂಗಡೀಲಿ ಆಡ್ಬೇಡ. ಗೋಡೇಲಿರೋ ನಾಣ್ಯಗಳು ಕೇಳಿಸ್ಕೊಂಡು ಎದೆ ಒಡ್ಕೊಂಡಾವು. ಎಲ್ಲಿ, ಕೊಡು ಇಲ್ಲಿ." ನಗುತ್ತಲೇ ಭೂತಗನ್ನಡಿ ಇಟ್ಟ. ದೀಪದಡಿ ಡಾಲರನ್ನು ಓರೆ ಮಾಡಿದ. ನಗು ನಿಂತಿತು. "ಇದು ಯಾರದು?"

"ಅಪ್ಪಂದು."

"ಯಾವ ಅಪ್ಪ?"

"ಯಾವ ಅಪ್ಪ ಅಂದ್ರೆ? ನಿಮಗೆಷ್ಟು ಜನ ಇದಾರೆ ಹಾರ್ಕಿನ್ ಅವ್ರೇ?"

ಅವನು ಡಾಲರನ್ನು ಗಲ್ಲಾಪೆಟ್ಟಿಗೆಯೊಳಗೆ ಹಾಕಿ ಬೀಗ ತಿರುಗಿಸಿದ. ಎನಿಡ್‌ಗೆ ಫೋನ್ ಮಾಡಿದ. ತೂತಿಗಾಗಿ ಕಾಯುತ್ತಾ ಸೈಮಿ ಕುರ್ಚಿಯಲ್ಲಿ ಕೂತೇ ಇದ್ದಳು.

ಕದ್ದವಳು ಕದ್ದ ಮಾಲನ್ನು, ಅದನ್ನು ಗುರುತಿಸಬಲ್ಲ ಒಬ್ಬನೇ ಮನುಷ್ಯನ ಕೈಗೆ ಕೊಡುತ್ತಾಳೆಯೇ? ಈ ಪ್ರಶ್ನೆಯನ್ನು ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ. ನ್ಯಾಯಾಧೀಶರು ಹಾರ್ಕಿನ್‌ನನ್ನು ಕೇಳಿದ್ದು ಒಂದೇ: ಇಂಥವು ನಿಮಗೆ ಗೊತ್ತಿರುವುದು ಎಷ್ಟು? ಎರಡು, ಇನ್ನೊಂದು ಒಹಾಯೋದಲ್ಲಿದೆ, ಆದ್ದರಿಂದ ಇದು ಸಿರಿಲ್‌ನದೇ ಎಂದ. ಸಿರಿಲ್‌ನ ಡಾಲರಿನ ಅಂಚಿನಲ್ಲಿ ಏನು ಗಾಯವಿತ್ತು, ಬಣ್ಣ ಎಲ್ಲಿ ಕಪ್ಪಾಗಿತ್ತು, ಅವನಿಗೆ ನೆನಪಿರಲಿಲ್ಲ. ಅವನು ಅಚ್ಚನ್ನು ನೋಡಿದ್ದ, ನಾಣ್ಯವನ್ನು ನೋಡಿರಲಿಲ್ಲ. ಒಂದು ಅಚ್ಚು ಬಿರಿದ ಮೇಲೂ ದಿನವೆಲ್ಲ ಹೊಡೆಯುತ್ತದೆ, ಆ ಬಿರುಕು ಹೊತ್ತ ಡಾಲರುಗಳು ಚೀಲ ಚೀಲವಾಗಿ ಹೊರಬೀಳುತ್ತವೆ ಎಂಬುದು ಅವನ ಕಸುಬಿನ ಮೊದಲ ಪಾಠ. ಆದರೂ ಕಸುಬುದಾರರು ಕಂಡದ್ದೆಷ್ಟೋ ಇರುವುದೂ ಅಷ್ಟೇ ಎಂದು ಅವನು ನಂಬಿಬಿಟ್ಟಿದ್ದ. ಎದುರಿಗಿದ್ದವಳು ಕಫ ಒರೆಸುವ ಹೆಂಗಸಾಗಿದ್ದರಿಂದ ನಂಬುವುದು ಸುಲಭವೂ ಆಯಿತು.

ಸೈಮಿ ಕಟಕಟೆಯಲ್ಲಿ ನಿಂತು ಹೇಳಿದ್ದಿಷ್ಟು: "ಅವತ್ತು ಸಂಬಳದ ಸಾಲಲ್ಲಿ ನಿಂತೋರಿಗೆಲ್ಲ ಒಂದೇ ಚೀಲದಿಂದ ಕೊಟ್ಟಿರ್ತಾರೆ. ನಮ್ಮಪ್ಪ, ಸಿರಿಲಣ್ಣ ಇಬ್ರೂ ಒಂದೇ ಸಾಲಲ್ಲಿದ್ರು. ಹುಡುಕಿದ್ರೆ ಇನ್ನೂ ಸಿಗ್ತವೆ."

"ಹುಡುಕ್ತಾ ಇರು," ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ನಗು ಎದ್ದಿತು.

ಜೈಲಿಗೆ ಕಳಿಸಲಿಲ್ಲ, ಕಳ್ಳಿ ಎಂದು ಬರೆದು ಮನೆಗೆ ಕಳಿಸಿದರು. ಡಾಲರು ಎನಿಡ್‌ಳ ಪಾಲಾಯಿತು. ಹಾಸಿಗೆ ಹಿಡಿದ ಮುದುಕರಿರುವ ಒಂದು ಮನೆಯ ಬಾಗಿಲೂ ಸೈಮಿಗೆ ಮತ್ತೆ ತೆರೆಯಲಿಲ್ಲ. ಮುದುಕರು ಅವಳನ್ನೇ ಕೇಳುತ್ತಿದ್ದರು. ಮಕ್ಕಳು ಬೆಳ್ಳಿ ಚಮಚ ಎಣಿಸಿಕೊಳ್ಳುತ್ತಿದ್ದರು. ಕರೀನ್‌ಳ ಮದುವೆಗೂ ಕರೆ ಬರಲಿಲ್ಲ. ಗಂಡಿನ ಕಡೆಯವರು ಇಷ್ಟಪಡಲಾರರು ಎಂದು ಒಡಹುಟ್ಟಿದ ತಂಗಿಯೇ ಹೇಳಿಕಳಿಸಿದಳು.

ಕರೆದು ಕೆಲಸ ಕೊಟ್ಟವನು ಮಿಲೋ ವುಕಾಸಿನ್ ಒಬ್ಬನೇ. ಗ್ಲಾಸು ತೊಳೆಯುವುದು, ಆಲೂಗಡ್ಡೆ ಸುಲಿಯುವುದು, ಕೌಂಟರು ಒರೆಸುವುದು. ಆ ಕೌಂಟರನ್ನು ಮಿಲೋನ ಅಪ್ಪ ಮಾಡಿಸಿದ್ದ. ಮರದ ಹಲಗೆಯಲ್ಲಿ ಉದ್ದಕ್ಕೂ ಬೆಳ್ಳಿ ಡಾಲರುಗಳನ್ನು ಕೂರಿಸಿ, ಮೇಲೆ ದಪ್ಪಗೆ ವಾರ್ನಿಶ್ ಬಳಿಸಿದ್ದ. ಕೆಲವು ಹೆಣ್ಣುಮುಖ ಮೇಲಾಗಿ, ಕೆಲವು ಹದ್ದು ಮೇಲಾಗಿ.

ಸೈಮಿ ಒರೆಸುತ್ತಾ ನೋಡಿದಳು. ಒರೆಸುವ ನೆಪದಲ್ಲಿ ಸಂಜೆಯ ಓರೆ ಬೆಳಕಿಗೆ ಬಗ್ಗಿ ಒಂದೊಂದನ್ನೂ ನೋಡಿದಳು. ಗೆರೆಯಿದ್ದ ಮುಖ ಒಂದೂ ಇರಲಿಲ್ಲ. ಆಮೇಲೆ ಹದ್ದುಗಳನ್ನು ನೋಡತೊಡಗಿದಳು. ಕುಡಿಯಲು ಬಂದವರು ಕಿಚಾಯಿಸುತ್ತಿದ್ದರು. "ಏನಜ್ಜೀ, ಇದೂ ನಿಮ್ಮಪ್ಪಂದಾ?" "ಮಿಲೋ, ರಾತ್ರಿ ಕೌಂಟರು ಮನೆಗೆ ತಗೊಂಡು ಹೋಗಪ್ಪಾ, ಬೆಳಗಾಗೋದ್ರಲ್ಲಿ ಇರಲ್ಲ ಇದು."

ಬಾಗಿಲ ಕಡೆಯ ತುದಿಯಲ್ಲಿ, ಗ್ಲಾಸಿಟ್ಟು ಇಟ್ಟು ವಾರ್ನಿಶ್ ಮಸುಕಾದ ಕಡೆ, ಹದ್ದು ಮೇಲಾಗಿ ಕೂತಿದ್ದ ಒಂದು ಡಾಲರಿನಲ್ಲಿ ‘ಓ’ ಬಲಕ್ಕೆ ವಾಲಿತ್ತು. ಪಕ್ಕದಲ್ಲಿ ಚುಕ್ಕೆ.

ಅದನ್ನು ಕಿತ್ತು ತಿರುಗಿಸಿ ನೋಡೋಣವೆಂದರೆ ಮಿಲೋ ಒಪ್ಪಲಿಲ್ಲ. "ಸೈಮಿ ಅಕ್ಕಾ, ನಮ್ಮಪ್ಪ ಕೂರಿಸಿದ್ದು ಅದು. ಒಂದು ಕಿತ್ರೆ ನಾಳೆಯಿಂದ ಕುಡುಕರೆಲ್ಲ ಚಾಕು ಹಿಡ್ಕೊಂಡು ಬರ್ತಾರೆ." ಹಾರ್ಕಿನ್‌ನನ್ನು ಕೇಳಿ ಕಳಿಸಿದರೆ, ಒಂದು ಹಿಂಬದಿಯ ಅಚ್ಚು ಮುಖದ ಎರಡು ಮೂರು ಅಚ್ಚುಗಳ ಜೊತೆ ಕೆಲಸ ಮಾಡಿರುತ್ತದೆ, ಕೆಳಗೆ ಯಾವ ಮುಖವಿದೆಯೋ ಯಾರು ಬಲ್ಲರು ಎಂದು ಹೇಳಿಕಳಿಸಿದ. ಅದು ನಿಜವೇ. ಅವನ ಬಾಯಲ್ಲಿ ನಿಜ ಬರುತ್ತಿದ್ದದ್ದೇ ಹೀಗೆ, ಅವಳಿಗೆ ಉಪಯೋಗವಾಗದ ಹೊತ್ತಿನಲ್ಲಿ.

ವರ್ಷಗಳು ಹೋದವು. ಸೈಮಿ ಆ ಹದ್ದನ್ನು ದಿನಾ ಒರೆಸಿದಳು. ಅದರ ಹೊಟ್ಟೆಯಡಿ ತನ್ನ ಮಾನವಿತ್ತು, ಅಥವಾ ಇರಲಿಲ್ಲ.

ಕೊನೆಗೆ ಒಂದು ಶನಿವಾರ, ಬಾರು ತುಂಬಿದ್ದಾಗ, ಯಾರೋ ಮತ್ತೆ ಅಪ್ಪನ ಮಾತು ತೆಗೆದರು. ಸೈಮಿ ಬಟ್ಟೆ ಕೆಳಗಿಟ್ಟಳು.

"ಮಿಲೋ, ಉಳಿ ತಗೊಂಡು ಬಾ. ಕೆಳಗಡೆ ಗೆರೆ ಇಲ್ದೇ ಹೋದ್ರೆ, ನಾನೇ ಕದ್ದದ್ದು ಅಂತ ಇಷ್ಟೂ ಜನರ ಮುಂದೆ ಹೇಳ್ತೀನಿ. ಭಾನುವಾರ ಚರ್ಚಲ್ಲೂ ಹೇಳ್ತೀನಿ. ಎನಿಡ್ ಮನೆ ಮೆಟ್ಟಿಲ ಮೇಲೂ ಹೇಳ್ತೀನಿ. ಆಯ್ತಾ?"

"ಬೇಡ ಅಕ್ಕಾ. ಇಲ್ದೇ ಹೋದ್ರೆ?"

"ತಗೊಂಡು ಬಾ ಅಂದೆ."

ಜನ ಗ್ಲಾಸು ಹಿಡಿದು ಸುತ್ತ ನೆರೆದರು. ಹರಕೆಯ ಕುರಿ ನೋಡುವವರ ಹಾಗೆ. ಮಿಲೋ ಉಳಿಯಿಟ್ಟು ಸುತ್ತ ಬಿಡಿಸಿ ಡಾಲರನ್ನು ಮೇಲೆತ್ತಿದ. ತಿರುಗಿಸಿ ನೋಡದೆ ಹಾಗೇ ಸೈಮಿಯ ಅಂಗೈಯಲ್ಲಿಟ್ಟ. ಅವಳು ನೋಡಲಿಲ್ಲ. ಕಣ್ಣು ಮುಚ್ಚಿ ಅಡಿಯ ಕಡೆಗೆ ಉಗುರು ಹಾಯಿಸಿದಳು. ಕಿವಿಯಿಂದ ಕತ್ತಿನವರೆಗೆ.

"ಇದೆ," ಎಂದಳು.

ಹಾರ್ಕಿನ್ ಬಂದ. ಭೂತಗನ್ನಡಿ ಇಟ್ಟ. ಬಹಳ ಹೊತ್ತು ನೋಡಿ, "ಹೌದು, ಅದೇ ಅಚ್ಚು," ಎಂದ.

"ಹಾಗಾದ್ರೆ ಕೋರ್ಟಿಗೆ ಬಂದು ಹೇಳ್ತೀರಾ?" ಎಂದು ಸೈಮಿ ಕೇಳಿದಳು.

"ನೋಡಮ್ಮಾ, ನನ್ನ ಕೇಳಿದ್ದು ಗೊತ್ತಿರೋದೆಷ್ಟು ಅಂತ. ಇರೋದೆಷ್ಟು ಅಂತ ಯಾರೂ ಕೇಳಲಿಲ್ಲ. ಅವತ್ತು ಗೊತ್ತಿದ್ದದ್ದು ಎರಡೇ. ನಾನು ಸುಳ್ಳು ಹೇಳಿಲ್ಲ."

ಎನಿಡ್ ತನ್ನ ಮನೆಯ ಬಾಗಿಲಲ್ಲೇ ನಿಂತು ಮಾತಾಡಿದಳು. "ಮೂರು ಇದ್ರೆ ಮೂರು. ಅಷ್ಟಕ್ಕೇ ನೀನು ತಗೊಂಡಿಲ್ಲ ಅಂತ ಆಯ್ತಾ? ನಮ್ಮಪ್ಪಂದು ಎಲ್ಲಿ ಹೋಯ್ತು ಹಾಗಾದ್ರೆ, ಅದನ್ನ ಹೇಳು." ಕದ ಹಾಕಿಕೊಂಡಳು.

ಇದನ್ನು ಓದುತ್ತಿರುವ ಮಹನೀಯರೇ, ಅವತ್ತು ಆ ಬಾರಿನಲ್ಲಿದ್ದವರು ನಿಮ್ಮಲ್ಲಿ ಬೇಕಾದಷ್ಟು ಜನ. ಡಾಲರಿನಡಿ ಗೆರೆ ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ? ಕಳ್ಳಿ ಎಂಬುದಕ್ಕೆ ಇನ್ನೇನು ಬೇಕು ಎಂದು ಗ್ಲಾಸು ಎತ್ತುತ್ತಿದ್ದಿರಿ. ಗೆರೆ ಇತ್ತು. ಆಗ ಇದೊಂದೇ ಸಾಲದು, ಇನ್ನೂ ಸಾಕ್ಷಿ ಬೇಕು ಎಂದಿರಿ. ಯಾವುದು ಕಂಡರೂ ಅವಳಿಗೇ ಸೋಲು ಎಂಬಂಥ ಪಂದ್ಯಕ್ಕೆ ಅವಳನ್ನು ಇಳಿಸಿದಿರಿ. ತೀರ್ಪು ಹಾಗೇ ಉಳಿಯಿತು. ಅಪ್ಪನ ಡಾಲರು ಇವತ್ತಿಗೂ ಎನಿಡ್‌ಳ ಮನೆಯಲ್ಲಿದೆ.

ಕೌಂಟರಿನಿಂದ ಕಿತ್ತದ್ದನ್ನು ಮಿಲೋ ಸೈಮಿಗೇ ಕೊಡಲು ಹೋದ. "ಬೇಡಪ್ಪ. ಇದು ನಿಮ್ಮಪ್ಪಂದು," ಎಂದಳು. ಅವನು ಅದನ್ನು ಹಳೆಯ ಗುಳಿಯಲ್ಲೇ, ಈ ಸಲ ಮುಖ ಮೇಲೆ ಮಾಡಿ ಕೂರಿಸಿದ.

ಹಾರ್ಕಿನ್ ತನ್ನವರಿಗೆ ಸುದ್ದಿ ಮುಟ್ಟಿಸಿದ. ಮೂರನೆಯದು ಬ್ಯೂಟ್‌ನ ಬಾರೊಂದರಲ್ಲಿ ಪತ್ತೆ. ಪತ್ತೆ ಮಾಡಿದವರ ಹೆಸರಿಲ್ಲ. ದೂರದೂರದಿಂದ ಸಂಗ್ರಹಕಾರರು ಬರತೊಡಗಿದರು. ಕೋಟು ಬಿಚ್ಚಿಟ್ಟು, ಭೂತಗನ್ನಡಿ ತೆಗೆದು ಕೌಂಟರಿಗೆ ಬಗ್ಗುತ್ತಿದ್ದರು. ಕೊನೆಯ ಚಳಿಗಾಲದಲ್ಲಿ ಸೈಮಿಗೂ ಕೆಮ್ಮು ಹಿಡಿದಿತ್ತು. ಹಾಗೇ ಕೆಮ್ಮುತ್ತಾ ಅವರ ಮೊಣಕೈಗಳ ನಡುವೆ ಒರೆಸುತ್ತಿದ್ದಳು. ಸ್ಪೋಕೇನ್‌ನಿಂದ ಬಂದಿದ್ದ ಒಬ್ಬ ಸಭ್ಯಸ್ಥ, ಗೆರೆಯಿಂದ ಕಣ್ಣು ಕೀಳದೆ, ಅವಳನ್ನು ಕೈಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಸ್ವಲ್ಪ ಆ ಕಡೆ ನಿಲ್ಲಮ್ಮ. ಬೆಳಕಿಗೆ ಅಡ್ಡ ಆಗ್ತಿದೀಯ."

ಸೈಮಿ ಬಟ್ಟೆ ಮಡಚಿಕೊಂಡು ಆ ಕಡೆ ನಿಂತಳು.