ಮೊದಲ ಬಂದ್, ಆಮೇಲೆ ನೋಡೋದು

ಹೈದರಾಬಾದಿನ ನಾಚಾರಂನ ಒಂದು ಸಮುದಾಯ ಭವನದ ಮಹಡಿ, ಪರೀಕ್ಷೆಯ ದಿನ. ಕೋಣೆಯಲ್ಲಿ ಗೋಡೆಗುಂಟ ಏಳು ಕಂಪ್ಯೂಟರ್, ಏಳು ಕುರ್ಚಿ, ಕುರ್ಚಿಗಳಲ್ಲಿ ನನ್ನ ಏಳು ಮಂದಿ ವಿದ್ಯಾರ್ಥಿಗಳು. ಬಾಗಿಲ ಬಳಿಯ ಕುರ್ಚಿಯಲ್ಲಿ ಮಾರುತಿ, ಅವರ ಪಕ್ಕದಲ್ಲಿ ಸುಜಾತಾ. ಎಲ್ಲರ ಹಿಂದೆ ನಿಂತವಳು ನಾನು. ಕೊರೋನಾ ಕಳೆದು ಶಾಲೆಗಳು ಮತ್ತೆ ತೆರೆದ ಮರುವರ್ಷದ ಮಾತಿದು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ ನಾನು ಒಂದು ಸಂಸ್ಥೆಯ ಆನ್‌ಲೈನ್ ಪ್ರಾಥಮಿಕ ಕಂಪ್ಯೂಟರ್ ಕೋರ್ಸಿಗೆ ಕನ್ನಡದ ಬೋಧಕಿಯಾಗಿ ಸೇರಿಕೊಂಡಿದ್ದೆ. ಹೈದರಾಬಾದಿನಲ್ಲಿ ಕನ್ನಡದ ಬೋಧಕಿ ಯಾಕೆ ಎಂದು ಕೇಳಿದವರಿದ್ದಾರೆ. ಬೀದರ, ಕಲಬುರಗಿ, ರಾಯಚೂರಿನ ಕಡೆಯಿಂದ ಬಂದು ಇಲ್ಲಿನ ಕಾರ್ಖಾನೆಗಳಲ್ಲಿ ದುಡಿಯುವವರು ಹೊರಗೆ ತೆಲುಗು, ಹಿಂದಿ ಎರಡನ್ನೂ ಸಲೀಸಾಗಿ ಆಡುತ್ತಾರೆ. ಆದರೆ ಹೊಸದೊಂದನ್ನು ಕಲಿಯುವಾಗಿನ ಅಂಜಿಕೆ ಇರುತ್ತದಲ್ಲ, ಅದು ಮನೆಯ ಮಾತಿಗಷ್ಟೇ ಇಳಿಯುತ್ತದೆ.

ಕೋರ್ಸಿನ ಮೊದಲ ಭಾಗದಲ್ಲಿ ದೊಡ್ಡ ವಿದ್ಯೆಯೇನೂ ಇರಲಿಲ್ಲ. ಕಂಪ್ಯೂಟರನ್ನು ಶುರು ಮಾಡುವುದು, ಮುಚ್ಚುವುದು, ಮೌಸ್ ಹಿಡಿಯುವುದು, ಫೋಲ್ಡರ್ ಅಂದರೆ ಕಡತಗಳನ್ನಿಡುವ ಚೀಲವನ್ನು ತಯಾರಿಸುವುದು, ಕೀಬೋರ್ಡಿನ ಮೇಲೆ ಹತ್ತು ಬೆರಳನ್ನು ಎಲ್ಲೆಲ್ಲಿ ಇಡಬೇಕೆಂದು ಕಲಿಯುವುದು. ಪಾಠಗಳು ಸಂಜೆ, ಅವರವರ ಮನೆಯಲ್ಲಿ, ಸಂಸ್ಥೆ ಎರವಲು ಕೊಟ್ಟ ಲ್ಯಾಪ್‌ಟಾಪಿನ ಪರದೆಯ ಮೇಲೆ. ಆ ಭಾಗದ ಕೊನೆಗೆ ಒಂದು ಪರೀಕ್ಷೆ. ಅದನ್ನು ಮಾತ್ರ ಬೋಧಕರ ಕಣ್ಣೆದುರು, ಕೇಂದ್ರಕ್ಕೆ ಬಂದು ಬರೆಯಬೇಕು. ಒಬ್ಬರಿಗೆ ಒಂದೇ ಅಟೆಂಪ್ಟ್, ಒಂದೇ ಅವಕಾಶ. ಪುಟ ತೆರೆದರೆ ಅವಕಾಶ ಬಳಸಿದಂತೆ. ಕೊನೆಗೆ ಸಬ್ಮಿಟ್ ಒತ್ತಿದರಷ್ಟೇ ಉತ್ತರ ಉಳಿಯುತ್ತದೆ. ಪಾಸಾಗದೆ ಎರಡನೆಯ ಭಾಗ ತೆರೆಯುವುದೇ ಇಲ್ಲ.

ಎಲ್ಲರಿಗಿಂತ ಹೆಚ್ಚು ಈ ಪರೀಕ್ಷೆ ಬೇಕಾಗಿದ್ದವರು ಮಾರುತಿ. ಹುಮನಾಬಾದಿನವರು, ಐವತ್ತು ದಾಟಿದವರು. ರಬ್ಬರ್ ಹಾಳೆ ತಯಾರಿಸುವ ಒಂದು ಘಟಕದಲ್ಲಿ ಅರ್ಧ ಆಯುಷ್ಯ ಕಳೆದವರು. ಮಾಲೀಕರು ರಾಯಚೂರಿನ ಕಡೆಯವರು, ಶಿವಲಿಂಗಪ್ಪ ಸಾಹುಕಾರರು. ಬರುವ ತಿಂಗಳಿನಿಂದ ಸ್ಟೋರ್‌ನ, ಅಂದರೆ ಸರಕಿನ ಉಗ್ರಾಣದ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗುವುದಿತ್ತು. ಪರೀಕ್ಷೆ ಪಾಸಾಗಿ ಬಂದರೆ ಸ್ಟೋರ್‌ನ ಕುರ್ಚಿ ಮಾರುತಿಗೆ, ಇಲ್ಲದಿದ್ದರೆ ಊರಿನ ದಾರಿ. "ರೋಲರ್ ಕೆಲಸ ಇನ್ನ ನನ್ನ ಕಡಿಂದ ಆಗಂಗಿಲ್ರಿ ಅಕ್ಕಾವ್ರ" ಎಂದು ಮೊದಲ ಸಂಜೆಯೇ ಹೇಳಿದ್ದರು. ವಯಸ್ಸಾಯಿತಲ್ಲ, ಸೊಂಟ ಹಿಡಿದಿರಬೇಕು ಎಂದುಕೊಂಡು ನಾನು ಮುಂದೆ ಕೇಳಲಿಲ್ಲ. ಪರದೆಯಲ್ಲಿ ನನಗೆ ಕಾಣುತ್ತಿದ್ದದ್ದು ಅವರ ಮುಖವಷ್ಟೇ. ದೊಡ್ಡ ಮೀಸೆ, ಯಾವಾಗಲೂ ಬೆವರಿದ ಹಣೆ.

ಸುಜಾತಾಳ ಕಥೆ ಬೇರೆ. ಚಿಂಚೋಳಿಯ ಹುಡುಗಿ, ಮದುವೆಯಾಗಿ ಇಲ್ಲಿಗೆ ಬಂದವಳು. ಮೌಸ್ ಅವಳ ಹಿಡಿತಕ್ಕೆ ಬರುತ್ತಿರಲಿಲ್ಲ. ಕಡತವನ್ನು ಎಳೆದು ಫೋಲ್ಡರಿನೊಳಗೆ ಬಿಡುವ ಅಭ್ಯಾಸ ಅವಳಿಗೆ ಒಂದು ಸಲವೂ ಸರಿಬಂದಿರಲಿಲ್ಲ. ಅರ್ಧ ದಾರಿಯಲ್ಲೇ ಕೈಜಾರಿ ಬಿಡುತ್ತಿದ್ದಳು. ಮಾರುತಿ ತಮಾಷೆ ಮಾಡುತ್ತಿದ್ದರು. "ಏನವ್ವಾ, ಮತ್ತ ಹಾದ್ಯಾಗ ಇಳಿಸಿ ಬಿಟ್ಟೇನ್ ಸವಾರೀನ? ಮನಿ ಮುಟ್ಟಸ್ಬೇಕಲ್ಲ!" ಅವಳೂ ಬಿಡುತ್ತಿರಲಿಲ್ಲ. "ನೀವ್ ಒಂದ್ ಹೆಸರು ಟೈಪ್ ಮಾಡೂದ್ರಾಗ ನಾ ಎರಡ್ ರೊಟ್ಟಿ ಬಡದ್ ಬರ್ತೀನ್ರಿ ಅಣ್ಣಾ!"

ಪರೀಕ್ಷೆಯ ದಿನ ನಾನು ಅವರನ್ನೆಲ್ಲ ಮೊದಲ ಬಾರಿ ಎದುರಿಗೆ ಕಂಡೆ. ಮಾರುತಿ ಎಡಗೈಗೆ ಟವೆಲ್ ಸುತ್ತಿಕೊಂಡು ಬಲಗೈಯನ್ನಷ್ಟೇ ಎದೆಗಿಟ್ಟು ನಮಸ್ಕಾರ ಹೇಳಿದರು. ಎಲ್ಲರನ್ನೂ ಕೂರಿಸಿ, ಲಾಗಿನ್ ಮಾಡಿಸಿ, ಪುಟ ತೆರೆಸಿದೆ. ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳು ಮುಗಿದಿರಬೇಕು. ಆಗ ಸುಜಾತಾ ಕಿರುಚಿದಳು.

"ಅವ್ವಾ!"

ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ನಾನು ತಿರುಗುವಷ್ಟರಲ್ಲಿ ಮಾರುತಿಯ ಕುರ್ಚಿ ನೆಲಕ್ಕೆ ಬಿದ್ದಿತ್ತು. ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಅವರು ಇಡೀ ಮೈಭಾರ ಹಾಕಿ ಕೆಳಗೆಳೆದರು. ಫ್ಯಾನು, ದೀಪ, ಏಳೂ ಪರದೆಗಳು ಒಂದೇ ಏಟಿಗೆ ಸತ್ತವು.

ಮಾರುತಿ ಸುಜಾತಾಳ ಎದುರು ನಿಂತು ಏದುಸಿರಿನಲ್ಲಿ ಕೇಳುತ್ತಿದ್ದರು. "ಕೈ ತೋರ್ಸವ್ವಾ. ಎರಡೂ ಕೈ ತೋರ್ಸು. ಅದಾವಿಲ್ಲೋ?"

"ಕೈಗೇನ್ ಆಗೈತ್ರಿ?" ಅವಳ ದನಿ ಒಡೆಯಿತು. "ನನ್ನ ಹಸರ ಟಿಕ್ ಹೋತಲ್ರಿ! ಈಗರ ಬಂದಿತ್ತು!"

"ಮತ್ತ ಒದರಿದ್ಯಾಕ?"

"ಖುಷಿಗ್ ಒದರಿದ್ನ್ರೀ!"

ಕಡತ ಕೊನೆಗೂ ಫೋಲ್ಡರಿನೊಳಗೆ ಬಿದ್ದಿತ್ತು. ಹಸಿರು ಗುರುತು ಬಂದಿತ್ತು. ಆ ಸಂತೋಷ ತಡೆಯದೆ ಅವಳು ಕೂಗಿದ್ದಳು, ಅಷ್ಟೇ. ಈಗ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರು. "ದೆವ್ವ ಬಡೀತೇನ್ರಿ ನಿಮಗ?" "ಎಲ್ಲಾರ್ದೂ ಹಾಳ್ ಮಾಡಿದ್ರಲ್ರಿ!" ನಾನು ಸ್ವಿಚ್ ಎತ್ತಿಸಿ ಕಂಪ್ಯೂಟರುಗಳನ್ನು ಮತ್ತೆ ಶುರು ಮಾಡಿಸಿದೆ. ಏಳು ಪರದೆಗಳಲ್ಲೂ ಒಂದೇ ಸಾಲು: ನಿಮ್ಮ ಅಟೆಂಪ್ಟ್ ಮುಗಿದಿದೆ.

ಮಾರುತಿ ಗೋಡೆಗೆ ಒರಗಿ ನಿಂತಿದ್ದರು. ಓಡುವ ಗಡಿಬಿಡಿಯಲ್ಲಿ ಟವೆಲ್ ಜಾರಿಹೋಗಿತ್ತು. ಮೊದಲು ನೋಡಿದವಳು ಸುಜಾತಾ. ಬೈಯುತ್ತಿದ್ದವಳು ಮಾತಿನ ನಡುವೆಯೇ ನಿಂತಳು. ಅವಳ ಕಣ್ಣು ಹೋದ ಕಡೆ ನಾನೂ ನೋಡಿದೆ. ಎಡಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಇದ್ದವು. ನಡುವೆ ನುಣುಪಾದ, ಗುಲಾಬಿ ಬಣ್ಣದ ಗಾಯದ ಗುರುತು.

"ಎಡಗೈ ಬೆರಳು ಎ ಎಸ್ ಡಿ ಎಫ್ ಮೇಲೆ ಇಡಿ" ಎಂದು ನಾನು ಆ ಮುಖಕ್ಕೆ ಎಷ್ಟು ಸಂಜೆ ಹೇಳಿದ್ದೆ! ಪ್ರತಿಸಲವೂ ಅವರು "ಇಟ್ಟೀನ್ರಿ" ಎಂದಿದ್ದರು.

ಮಾರುತಿ ಎಲ್ಲರಿಗೂ ಕೇಳುವಂತೆ ಹೇಳಿದರು. "ನಮ್ಮಲ್ಲಿ ಎರಡ್ ಉಕ್ಕಿನ ರೋಲರ್ ಎದರಾಬದರ ತಿರಗ್ತಾವ್ರಿ. ರಬ್ಬರ್ ಕೊಡೂ ಮುಂದ ಕೈಗವಸು ಸಿಕ್ತಂದ್ರ ಒಳಗ ಎಳಕೋತಾವು. ಅದಕ್ಕ ಯಾರರ ಒದರಿದ್ರ ಯಾಕಂತ ಕೇಳಂಗಿಲ್ಲ. ಮೊದಲ ಬಂದ್, ಆಮೇಲೆ ನೋಡೋದು. ಅವತ್ತ ನಾ ಒದರಿದಾಗ ಯಾರೋ ಮೊದಲ ನೋಡಿದ್ರು. ಆಮೇಲೆ ಬಂದ್ ಮಾಡಿದ್ರು."

ಸುಜಾತಾ ಬಗ್ಗಿ ಟವೆಲ್ ಎತ್ತಿ ಅವರ ಭುಜದ ಮೇಲೆ ಹಾಕಿದಳು.

ಸಂಸ್ಥೆಯ ಸಂಯೋಜಕರಿಗೆ ಫೋನ್ ಮಾಡಿದೆ. ತೆಲುಗಿನ ಹುಡುಗ, ಒಳ್ಳೆಯವನು. "ಕರೆಂಟ್ ಪೋಯಿಂದನಿ ರಾಸೇಯಂಡಿ ಮೇಡಂ" ಎಂದ. ಕರೆಂಟ್ ಹೋಯಿತೆಂದು ವರದಿಯಲ್ಲಿ ಬರೆದುಬಿಡಿ, ಎಲ್ಲರಿಗೂ ಮತ್ತೊಂದು ಅವಕಾಶ ಸಿಗುತ್ತದೆ. ಪರೀಕ್ಷೆಗೆ ಕೂತವರೇ ಕರೆಂಟ್ ತೆಗೆದರೆಂದು ಗೊತ್ತಾದರೆ ಅವರನ್ನು ಆ ತಂಡದಿಂದ ಹೊರಗಿಡುವುದು ನಿಯಮ. ಫೋನಿನ ಮಾತು ಕೇಳಿಸಿಕೊಂಡ ಎಲ್ಲರೂ ಹೂಂ ಎಂದರು. ಹೈದರಾಬಾದಿನಲ್ಲಿ ಕರೆಂಟ್ ಹೋಯಿತೆಂದರೆ ನಂಬದವರು ಯಾರು?

ಮಾರುತಿ ಮಾತ್ರ ತಲೆಯಾಡಿಸಿದರು. "ಬ್ಯಾಡ್ರಿ ಅಕ್ಕಾವ್ರ. ಕರೆಂಟ್ ಹೋಗಿಲ್ಲ, ನಾ ತಗದೀನಿ. ಹೋತಂತ ಮುಚ್ಚಿ ಬರದ್ರ ನಾ ಮಾಡಿದ್ದು ತಪ್ಪಂತ ಆಗ್ತೈತಿ. ನಾಳಿ ಈಕಿ ಮತ್ತ ಒದರಿದ್ರೂ ನಾ ತಗಿಯಾಂವನ."

"ಸ್ಟೋರ್ ಕುರ್ಚಿ ಹೋಗ್ತೈತಲ್ರಿ ಅಣ್ಣಾ!" ಎಂದಳು ಸುಜಾತಾ.

"ಹೋಗ್ಲೇಳವ್ವ. ನಿನ್ನ ಕೈ ನೋಡಿದ್ನಲ್ಲ, ಇದ್ದೂ."

ನಾನು ನಡೆದದ್ದನ್ನು ನಡೆದಂತೆಯೇ ಬರೆದೆ. ಕೂಗು ನನ್ನದು, ಅದಕ್ಕೇ ಅವರು ತೆಗೆದರು ಎಂದು ಸುಜಾತಾಳೂ ಕೆಳಗೆ ತನ್ನ ಮಾತು ಸೇರಿಸಿದಳು. ತಾನೇ ಟೈಪ್ ಮಾಡಿದಳು. ಸಂಸ್ಥೆಯ ಉತ್ತರ ಎರಡು ದಿನದಲ್ಲಿ ಬಂತು. ಆರು ಮಂದಿಗೆ ಅದೇ ವಾರ ಮರುಪರೀಕ್ಷೆ. ಮಾರುತಿಗೆ ಮುಂದಿನ ತಂಡದೊಂದಿಗೆ. ಆ ತಂಡದ ಪರೀಕ್ಷೆಯ ಹೊತ್ತಿಗೆ ತಿಂಗಳು ಹೊರಳಿ, ಸ್ಟೋರ್‌ನಲ್ಲಿ ಬೇರೆ ಯಾರೋ ಕೂತಿರುತ್ತಿದ್ದರು.

ಕಾರ್ಖಾನೆಯ ವಿಷಯದಲ್ಲಿ ಬಾಯಿ ಹಾಕುವುದು ಬೋಧಕಿಯ ಕೆಲಸವಲ್ಲ. ಆದರೂ ಸಾಹುಕಾರರಿಗೆ ಫೋನ್ ಮಾಡಿದೆ. ಮಾರುತಿಯವರು ಫೇಲಾದದ್ದಲ್ಲ, ಹೀಗೆ ಹೀಗಾಯಿತು, ಅಷ್ಟು ದಿನ ಆ ಜಾಗವನ್ನು ಕಾಯ್ದಿರಿಸಲು ಆದೀತೇ ಎಂದು ಕೇಳಿದೆ. ಹುಡುಗಿ ಕೂಗಿದ್ದು, ಮೇನ್ ಸ್ವಿಚ್ ಎಳೆದದ್ದು, ಎರಡೂ ಕೈ ತೋರಿಸೆಂದು ಕೇಳಿದ್ದು, ಎಲ್ಲವನ್ನೂ ಹೇಳಿದೆ. ಆ ಕಡೆಯಿಂದ ಹೂಂಗುಟ್ಟುವ ಸದ್ದೂ ನಿಂತಿತು. ಲೈನ್ ಕಡಿಯಿತೆಂದು ಹಲೋ, ಹಲೋ ಎಂದೆ.

"ಅದೀನ್ರಿ" ಎಂದರು. ಆಮೇಲೆ ಕೇಳಿದರು. "ಅವತ್ತ ಮೊದಲ ನೋಡಿದಾಂವ ಯಾರಂತ ಹೇಳಿದಾ?"

"ಯಾರೋ ಅಂದರು."

"ನನ್ನ ಹೆಸರ ಹೇಳಲಿಲ್ಲಾ?"

"ಇಲ್ಲ" ಎಂದೆ.

"ಸ್ವಿಚ್ಚಿನ ಬಾಜೂಕ ನಿಂತಾಂವ ನಾನ ರೀ" ಎಂದರು ಸಾಹುಕಾರರು. "ಏನಾತು ಅಂತ ಹೊಳ್ಳಿ ನೋಡಿದೆ. ಅಷ್ಟ." ಆಮೇಲೆ ದನಿ ಸರಿಮಾಡಿಕೊಂಡು, "ಕುರ್ಚಿ ಖಾಲಿ ಇರ್ತೈತಿ, ಅಂವಗ ಹೇಳ್ರಿ. ಅಲ್ಲ, ಬ್ಯಾಡ. ನಾನ ಹೇಳ್ತೀನಿ" ಎಂದು ಫೋನ್ ಇಟ್ಟರು.

ಅದೇ ಸಂಜೆ ಮಾರುತಿಗೆ ವಿಡಿಯೋ ಕರೆ ಮಾಡಿ, ಕ್ಯಾಮೆರಾವನ್ನು ಕೀಬೋರ್ಡಿನ ಕಡೆ ಬಗ್ಗಿಸಲು ಹೇಳಿದೆ. ನಾನು ಕಲಿಸುತ್ತಿದ್ದ ಪಾಠ ಆ ಕೈಗೆ ಹೊಂದುವಂಥದ್ದಾಗಿರಲಿಲ್ಲ. ಇಬ್ಬರೂ ಕೂತು ಹೊಸದಾಗಿ ಅಕ್ಷರ ಹಂಚಿದೆವು. ಕಿರುಬೆರಳಿಗೆ ಎಡತುದಿಯ ಅಕ್ಷರಗಳು, ಹೆಬ್ಬೆರಳಿಗೆ ಸ್ಪೇಸ್, ಉಳಿದ ಭಾರವೆಲ್ಲ ಬಲಗೈಗೆ. "ಬಲಗೈಗೆ ಓವರ್‌ಟೈಮ್ ಆತ್ರಿ ಅಕ್ಕಾವ್ರ" ಎಂದು ನಕ್ಕರು. ಸುಜಾತಾ ಮರುಪರೀಕ್ಷೆಯಲ್ಲಿ ಪಾಸಾದಳು, ಈ ಸಲ ಬಾಯಿಗೆ ಸೆರಗು ಒತ್ತಿಕೊಂಡು. ಮಾರುತಿ ಮುಂದಿನ ತಂಡದೊಡನೆ ಕೂತು, ಎಲ್ಲರಿಗಿಂತ ಕೊನೆಗೆ ಸಬ್ಮಿಟ್ ಒತ್ತಿ, ಪಾಸಾದರು.

ಇಷ್ಟು ವರ್ಷ ಕಲಿಸಿಯೂ ನನಗೆ ಹೊಳೆಯದಿದ್ದ ಒಂದು ವಿಷಯವನ್ನು ಆ ಕೆಲಸ ಕಲಿಸಿತು. ಕಲಿಯಲು ಬಂದವರು ಬರಿಗೈಯಲ್ಲಿ ಬಂದಿರುವುದಿಲ್ಲ. ಬೇರೆ ಕಡೆ ಕಲಿತದ್ದು, ಅಲ್ಲಿ ಕಳೆದುಕೊಂಡದ್ದು, ಎಲ್ಲವೂ ಅವರ ಕೈಯಲ್ಲೇ ಇರುತ್ತದೆ. ಆನ್‌ಲೈನ್ ಪಾಠದಲ್ಲಿ ಮುಖ ಕಾಣುತ್ತದೆ, ಕೈ ಕಾಣುವುದಿಲ್ಲ. ಈಗ ನನ್ನ ಮೊದಲ ತರಗತಿ ಶುರುವಾಗುವುದು ಅವರವರ ದುಡಿಮೆಯ ಮಾತಿನಿಂದ. ಲಾಗಿನ್, ಪಾಸ್‌ವರ್ಡ್ ಎಲ್ಲ ಅದಾದ ಮೇಲೆ.

ಮಾರುತಿ ಸ್ಟೋರ್‌ನಲ್ಲಿ ಕೂತ ಮೇಲೆ ಒಮ್ಮೆ ನನ್ನನ್ನು ಕಾರ್ಖಾನೆಗೆ ಕರೆದರು. ಚಹಾ ಕುಡಿದು ಯಂತ್ರಗಳಿರುವ ಶೆಡ್ಡಿನೊಳಗೆ ಹೋದೆವು. ಪ್ರತಿ ರೋಲರ್ ಯಂತ್ರಕ್ಕೂ, ನಿಂತವರ ಕೈಗೆ ಎಟುಕುವ ಹಾಗೆ ಅಡ್ಡಲಾಗಿ ಒಂದು ಕೆಂಪು ಹಗ್ಗ ಬಿಗಿದಿದ್ದರು. ಎಳೆದರೆ ಯಂತ್ರ ನಿಲ್ಲುತ್ತದೆ. ಯಾರೂ ಸ್ವಿಚ್ಚಿನ ತನಕ ಓಡಬೇಕಿಲ್ಲ. ಕೊನೆಯ ಯಂತ್ರದ ವೈರಿಂಗ್ ಇನ್ನೂ ನಡೆದಿತ್ತು. ಸಾಹುಕಾರರು ನಮ್ಮನ್ನು ಗಮನಿಸಲಿಲ್ಲ. ಅವರು ಒಂದೊಂದೇ ಹಗ್ಗವನ್ನು ತಾವೇ ಎಳೆದು, ರೋಲರ್ ಪೂರ್ತಿ ನಿಲ್ಲುವ ತನಕ ಕಾದು, ಪಕ್ಕದ ಯಂತ್ರಕ್ಕೆ ಹೋಗುತ್ತಿದ್ದರು.